ಗಡ್ಡೆಗೆ ಹೋಗೋ ದಾರಿ ಯಾವುದು?

ಹುನ್ನೂರಿನಿಂದ ಮಾತಾಡಾಕತ್ತೀನಿ. ನಾನು ಓದಿದ್ದು ಬಿ.ಕಾಂ., ಡಾಕ್ಟರಕಿ ಅಲ್ಲ. ಆದ್ರ ಮನ್ಯಾಗ ಯಾರದರೆ ಎಂಆರ್‌ಐ ರಿಪೋರ್ಟಿನಾಗ 'ಬ್ರೇನ್‌ಸ್ಟೆಮ್ ಹತ್ತಿರ ಗಡ್ಡೆ' ಅಂತ ಬಂದ್ರ, ಮಿರಜಕ್ಕೋ ಹುಬ್ಬಳ್ಳಿಗೋ ಬೆಂಗಳೂರಿಗೋ ಅಂತ ಓಡಾಡೋರು ನಮ್ಮ ವಯಸ್ಸಿನವರ. ಅದಕ್ಕ ಇವತ್ತು ಈ ವಿಷಯ.

ಬ್ರೇನ್‌ಸ್ಟೆಮ್ ಅಂದ್ರೆ ಮೆದುಳಿನ ಕಾಂಡ. ಹೆಬ್ಬೆರಳಿನಷ್ಟು ದಪ್ಪ. ಉಸಿರಾಟ, ಎದೆಬಡಿತ, ನುಂಗೋದು, ಕಣ್ಣು ಹೊರಳಿಸೋದು, ಎಲ್ಲದಕ್ಕೂ ಇದು ಬೇಕು. ಮೆದುಳಿನಿಂದ ಕೈಕಾಲಿಗೆ ಹೋಗೋ ಸಂದೇಶನೂ ಇದರ ಮೂಲಕನ ಹೋಗಬೇಕು. ಹಿಂಗಾಗಿ ಇಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆ ಐತಿ.

ಬೆಳೆದು ನಿಂತ ಕಬ್ಬಿನ ನಡುವ ಬಾವಿ ಇದ್ರ, ನಾವು ಕಬ್ಬು ತುಳಿದು ಹೋಗಂಗಿಲ್ಲ, ಬದು ಹಿಡಿದು ಹೋಗ್ತೀವಿ. ಸರ್ಜನ್ನರೂ ಹಂಗ. ಮೆದುಳು ಕೊಯ್ಯದ, ಅದರ ಸಂದಿನಾಗ ದಾರಿ ಹುಡುಕ್ತಾರ. ಗಡ್ಡೆ ಪಕ್ಕಕ್ಕಿದ್ರ ಕಿವಿ ಹಿಂದಿನಿಂದ. ಹಿಂಭಾಗಕ್ಕಿದ್ರ ತಲೆ ಹಿಂದಿನಿಂದ, ಚಿಕ್ಕಮೆದುಳಿನ ಸಂದಿನಾಗ. ಮುಂದಿದ್ರ ಕೆಲವೊಮ್ಮೆ ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ. ಆಪರೇಷನ್ ನಡೆದಾಗ ಮುಖದ, ಕಿವಿಯ ನರಗಳು ಕೆಲಸ ಮಾಡಾಕತ್ತಾವೋ ಇಲ್ಲೋ ಅಂತ ಮಷಿನ್‌ನಾಗ ನೋಡ್ಕೋತ ಇರ್ತಾರ.

ಇರೋ ದಾರಿನ ಬಳಸೋ ಈ ವಿಚಾರ ನಮ್ಮ ರಾಜ್ಯಕ್ಕ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಶುರುವಾಗಿದ್ದು 1974ರಲ್ಲಿ. ಅದರ ಸ್ಥಾಪಕ ನಿರ್ದೇಶಕರು ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮಾ. ತಲೆಬುರುಡೆಯ ತಳದಾಗ ಹುಟ್ಟಿನಿಂದ ಇರೋ 'ಫೊರಾಮೆನ್ ಓವೇಲ್' ಅನ್ನೋ ಸಣ್ಣ ರಂಧ್ರದಿಂದ ಸೂಜಿ ಹಾಕಿ, ಪಾರ್ಕಿನ್ಸನ್ ರೋಗಿಗಳ ಮೆದುಳಿನ ಆಳ ಮುಟ್ಟೋ ವಿಧಾನ ಅವರು ರೂಪಿಸಿದ್ರು. ಅದು ಗಡ್ಡೆಯ ಆಪರೇಷನ್ ಅಲ್ಲ, ಆದ್ರ ಯೋಚನೆ ಅದ.

ಎಲ್ಲಾ ಗಡ್ಡೆನೂ ಪೂರ್ತಿ ತೆಗೆಯಾಕ ಬರಂಗಿಲ್ಲ. ನರಕ್ಕ ಅಂಟಿದ್ದ ಚೂರು ಬಿಟ್ಟು ಬರೋದು ಎಷ್ಟೋ ಸಲ ಸೋಲಲ್ಲ, ಜಾಣತನ. ಉಳಿದಿದ್ದಕ್ಕ ರೇಡಿಯೇಷನ್, ಗಾಮಾ ನೈಫ್ ಅದಾವ. ಸಣ್ಣದಿದ್ರ ಆಗಾಗ ಸ್ಕ್ಯಾನ್ ಮಾಡಿಸಿ ಕಾಯೋದೂ ಉಂಟು.

ಅದಕ್ಕ ಡಾಕ್ಟರ್ ಮುಂದ ಕುಂತಾಗ 'ಗಡ್ಡೆ ಎಷ್ಟು ದೊಡ್ಡದೈತಿ' ಅಂತಷ್ಟ ಕೇಳಬ್ಯಾಡ್ರಿ. ಯಾವ ದಾರಿಯಿಂದ ಹೋಗ್ತೀರಿ? ಆ ದಾರ್ಯಾಗ ಯಾವ ನರ ಅದಾವ? ಇಂಥಾ ಆಪರೇಷನ್ ಇಲ್ಲಿ ಎಷ್ಟು ಮಾಡ್ಯಾರ? ಮಾಡದ ಇದ್ರ ಏನಾಗ್ತೈತಿ? ಈ ನಾಕು ಪ್ರಶ್ನೆ ಮೊಬೈಲಿನಾಗ ಬರೆದಿಟ್ಟುಕೋರಿ.

ಇನ್ನೊಂದು: ಒಂದ ಕಿವಿ ಮಂದ ಆಗಾಕತ್ತಿದ್ರ, ಅದರಾಗ ಗುಂಯ್ ಅಂತಿದ್ರ, ನಡೆಯುವಾಗ ಜೋಲಿ ಹೊಡೆದ್ರ, 'ವಯಸ್ಸಾತು' ಅಂತ ಸುಮ್ಮನಾಗಬ್ಯಾಡ್ರಿ, ತೋರಿಸ್ರಿ. ಬೇಗ ಸಿಕ್ಕ ಸಣ್ಣ ಗಡ್ಡೆಗೆ ದಾರಿ ಹೆಚ್ಚು ಇರ್ತಾವ.

ಮುಂದಿನ ಕಂತಿನಾಗ ಸಿಗೂಣ್ರೀ.