ಪಟ್ಟಿಯಿಂದ ಹೊರಬರಲು ಎಷ್ಟು ದಿನ?

ಪಣಕಹಳ್ಳಿ ತಾಳವಾಡಿ ಬೆಟ್ಟಸೀಮೆಯ ಊರು. ಮಾತು ಕನ್ನಡ, ಜಿಲ್ಲೆ ತಮಿಳುನಾಡಿನ ಈರೋಡು. ಜಿಲ್ಲಾ ಕಚೇರಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರವಾದರೋ ಮಗ್ಗುಲಲ್ಲೇ ಇದೆ. 2020ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಕೊರೊನಾ ಲೆಕ್ಕ ನೋಡಿ ದೇಶದ ಜಿಲ್ಲೆಗಳಿಗೆಲ್ಲ ಬಣ್ಣ ಹಂಚಿತು. ಈರೋಡಿಗೆ ಕಿತ್ತಳೆ ಬಂತು, ಚಾಮರಾಜನಗರಕ್ಕೆ ಹಸಿರು. ಹಾಗಾಗಿ ಪಣಕಹಳ್ಳಿ ಕಿತ್ತಳೆಯೊಳಗೆ ಸೇರಿತು, ಗಡಿಯಾಚೆಯ ನೆಂಟರ ಊರುಗಳು ಹಸಿರಿನಲ್ಲಿ ಉಳಿದವು.

ಬಣ್ಣ ಬಿಡಿ ಮಕ್ಕಳೇ, ಅದರ ಜೊತೆಗಿದ್ದ ಸಂಖ್ಯೆಯನ್ನು ನೋಡಿ. ಒಂದು ಜಿಲ್ಲೆ ಹಸಿರಾಗಬೇಕಾದರೆ 28 ದಿನ ಹೊಸ ರೋಗಿ ಕಾಣಬಾರದು ಎಂದು ಮೊದಲು ಹೇಳಿದ್ದರು. ಆ ತಿಂಗಳ ಕೊನೆಗೆ ಅದನ್ನು 21ಕ್ಕೆ ಇಳಿಸಿದರು. ಮೊದಲ ಲೆಕ್ಕದಲ್ಲಿ 28 ಏಕೆ? 25 ಏಕಾಗಬಾರದು, ಸುಮ್ಮನೆ ಒಂದು ತಿಂಗಳು ಏಕಾಗಬಾರದು?

ರೋಗಾಣು ಮೈಯೊಳಗೆ ಹೊಕ್ಕ ದಿನವೇ ಜ್ವರ ಬರುವುದಿಲ್ಲ. ಒಳಗೆ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಆ ಅಡಗುಕಾಲ ಒಂದೊಂದು ರೋಗಕ್ಕೆ ಒಂದೊಂದು. ಅಂತಾರಾಷ್ಟ್ರೀಯ ನಿಯಮಗಳಲ್ಲಿ ಕಾಲರಾಕ್ಕೆ 5 ದಿನ ಎಂದು ಹಿಡಿದರು, ಪ್ಲೇಗಿಗೆ 6, ಹಳದಿ ಜ್ವರಕ್ಕೆ 6, ಸಿಡುಬಿಗೆ 14. ಕೊರೊನಾಕ್ಕೂ 14 ಎಂದೇ ಹಿಡಿದಿದ್ದರು. ಈಗ ಒಂದು ಊರಿನಲ್ಲಿ ಕೊನೆಯ ರೋಗಿ ಗುಣವಾದ ಎಂದುಕೊಳ್ಳೋಣ. ಅವನಿಂದ ಯಾರಿಗಾದರೂ ತಗುಲಿದ್ದರೆ ಒಂದು ಅಡಗುಕಾಲದೊಳಗೆ ಅವರು ಮಲಗಬೇಕು. ಆದರೆ ಅವರಿಗೆ ಬಂದದ್ದು ತೀರಾ ಸಣ್ಣ ಜ್ವರವಾಗಿ, ಯಾರ ಕಣ್ಣಿಗೂ ಬೀಳದೆ ಹೋಗಿದ್ದರೆ? ಅವರಿಂದ ಇನ್ನೊಬ್ಬರಿಗೆ ದಾಟಿದ್ದರೆ? ಅದಕ್ಕೇ ಇನ್ನೊಂದು ಅಡಗುಕಾಲ ಕಾಯುವುದು. ಎರಡು ಸುತ್ತು ಕಾದರೂ ಹೊಸ ರೋಗಿ ಸಿಗಲಿಲ್ಲವೆಂದರೆ ಸರಪಳಿ ತುಂಡಾಗಿದೆ ಎಂದು ನಂಬಬಹುದು. ಕಾಲರಾಕ್ಕೆ 10 ದಿನ, ಸಿಡುಬಿಗೆ 28. ಪ್ಲೇಗಿನ ಲೆಕ್ಕ ಮಾತ್ರ ಇಷ್ಟು ಸಲೀಸಲ್ಲ, ಏಕೆಂದರೆ ಅದರಲ್ಲಿ ಇಲಿಗಳೂ ರೋಗಿಗಳೇ. ಮನುಷ್ಯರು ಗುಣವಾದರೆ ಸಾಲದು, ಇಲಿಗಳಲ್ಲೂ ರೋಗ ಅಡಗಬೇಕು.

ಇಲಿಯ ವಿಷಯ ನಮ್ಮ ಸೀಮೆಯ ಹಿರಿಯರಿಗೆ ಪುಸ್ತಕ ಓದದೆಯೇ ಗೊತ್ತಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಜನ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆಯ ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಪಿಳೇಗು ಎಂದೇ ಅವರು ಕರೆಯುತ್ತಿದ್ದದ್ದು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಈ ರೋಗ ರೈಲುದಾರಿ ಹಿಡಿದು ಹುಬ್ಬಳ್ಳಿಗೆ ಬಂತು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಬಂತು. ಸತ್ತ ಇಲಿಯ ಮೈಬಿಟ್ಟ ಚಿಗಟಗಳು ಮನುಷ್ಯರಿಗೆ ಹತ್ತಿಕೊಂಡು ರೋಗ ದಾಟಿಸುತ್ತವೆ ಎಂಬುದನ್ನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಇಂದು ನಾವು ತಣ್ಣಗೆ ಓಡಾಡುವ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದ್ದು ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ಕರೆತರಲು.

ಆಗ ತಾಳವಾಡಿ ಕೊಯಮತ್ತೂರು ಜಿಲ್ಲೆಗೆ, ಅಂದರೆ ಬ್ರಿಟಿಷರ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಪಕ್ಕದ ಚಾಮರಾಜನಗರ ಮಹಾರಾಜರ ಮೈಸೂರು ಸಂಸ್ಥಾನದ್ದು. ಮದ್ರಾಸು ಪ್ರಾಂತ್ಯದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಎಂಬ ಕಾಗದ ಚಲಾವಣೆಗೆ ಬಂತು. ಸೋಂಕಿನ ಊರಿನಿಂದ ಬಂದವರನ್ನು ಕೂಡಿಹಾಕುವ ಬದಲು ಕೈಗೆ ಆ ಕಾಗದ ಕೊಟ್ಟು, ಹೋದ ಊರಿನಲ್ಲಿ ಹತ್ತು ದಿನ ಅಧಿಕಾರಿಗೆ ಮುಖ ತೋರಿಸಿ ಎನ್ನುತ್ತಿದ್ದರು. ಕೂಡಿಹಾಕುವುದಕ್ಕಿಂತ ಇದೇ ಜಾಣತನ ಎಂದು ನನಗನಿಸುತ್ತದೆ. ಆದರೆ ಇದು ನಡೆಯಬೇಕಾದರೆ ಯಾವ ಊರು ಸೋಂಕಿನದು ಎಂಬ ಪಟ್ಟಿ ಬೇಕು, ಅದೂ ತಾಜಾ ಪಟ್ಟಿ.

ಇಡೀ ಏಷ್ಯಾಕ್ಕೆ ಅಂಥ ಪಟ್ಟಿ ಮಾಡಲು 1925ರಲ್ಲಿ ಸಿಂಗಪುರದಲ್ಲಿ ಒಂದು ಕಚೇರಿ ತೆರೆಯಿತು. ರಾಷ್ಟ್ರಸಂಘದ ಆರೋಗ್ಯ ವಿಭಾಗದ್ದು. ಬಂದರುಗಳೆಲ್ಲ ವಾರಕ್ಕೊಮ್ಮೆ ಅಲ್ಲಿಗೆ ತಂತಿ ಕಳಿಸಬೇಕು: ಪ್ಲೇಗು ಎಷ್ಟು, ಕಾಲರಾ ಎಷ್ಟು, ಸಿಡುಬು ಎಷ್ಟು. ತಂತಿಯಲ್ಲಿ ಪದಕ್ಕಿಷ್ಟು ಎಂದು ಕಾಸು, ಹಾಗಾಗಿ ಒಂದೇ ಪದದಲ್ಲಿ ಉದ್ದನೆಯ ಸುದ್ದಿ ಅಡಕವಾಗುವ ಸಂಕೇತ ಪುಸ್ತಕವನ್ನೂ ಮಾಡಿಕೊಂಡರು. ಬಂದದ್ದನ್ನೆಲ್ಲ ಕೂಡಿಸಿ ರೇಡಿಯೊದಲ್ಲಿ ಬಿತ್ತರಿಸುತ್ತಿದ್ದರು, ಊರಿಗೆಲ್ಲ ಕೇಳುವಂತೆ ಡಂಗುರ ಸಾರಿದ ಹಾಗೆ. ನಡುಗಡಲಿನ ಹಡಗಿನ ಕಪ್ತಾನನಿಗೂ ಮುಂದಿನ ಬಂದರಿನ ಸ್ಥಿತಿ ತಿಳಿಯುತ್ತಿತ್ತು. ಮರುವರ್ಷ ಜಿನೀವಾದಿಂದ ಒಂದು ವಾರಪತ್ರಿಕೆಯೂ ಶುರುವಾಯಿತು. ಅದನ್ನು ಈಗ ವಿಶ್ವ ಆರೋಗ್ಯ ಸಂಸ್ಥೆ ನಡೆಸುತ್ತಿದೆ, ಇನ್ನೂ ನಿಂತಿಲ್ಲ.

1951ರಲ್ಲಿ ಆ ಸಂಸ್ಥೆ ತನ್ನ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಆರು ರೋಗಗಳನ್ನು ಕ್ವಾರಂಟೈನ್ ರೋಗಗಳೆಂದು ಗುರುತಿಸಿತು. ಮೇಲೆ ಹೇಳಿದ ನಾಲ್ಕು, ಜೊತೆಗೆ ಹೇನು ಹರಡುವ ಟೈಫಸ್ ಮತ್ತು ಮರುಕಳಿಸುವ ಜ್ವರ. 1969ರಲ್ಲಿ ಕೊನೆಯ ಎರಡು ಬಿಟ್ಟುಹೋದವು. ಸಿಡುಬು ಭೂಮಿಯಿಂದಲೇ ತೊಲಗಿದ್ದರಿಂದ 1981ರಲ್ಲಿ ಅದರ ಹೆಸರನ್ನೂ ಹೊಡೆದುಹಾಕಿದರು. ಆ ನಿಯಮಗಳಲ್ಲಿ ನನಗೆ ಹಿಡಿಸಿದ ಮಾತೊಂದಿದೆ. ದೇಶಕ್ಕೆ ದೇಶವನ್ನೇ ಸೋಂಕಿತ ಎನ್ನಬೇಡಿ, ರೋಗವಿರುವ ಬಂದರು, ತಾಲ್ಲೂಕು, ಜಿಲ್ಲೆ ಅಷ್ಟನ್ನೇ ಹೆಸರಿಸಿ ಎಂದಿತ್ತು.

ಜಗತ್ತು ಅದನ್ನು ಪಾಲಿಸಿತೇ? 1994ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಸೂರತ್‌ನಲ್ಲಿ ಪ್ಲೇಗು ಎಂಬ ಸುದ್ದಿ ಹಬ್ಬಿದಾಗ ಹಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದವು, ನಮ್ಮ ಸರಕು ಬೇಡವೆಂದವು. ರೋಗ ಇದ್ದದ್ದು ಎಲ್ಲೋ ಒಂದು ಕಡೆ, ಪೆಟ್ಟು ಬಿದ್ದದ್ದು ಇಡೀ ದೇಶಕ್ಕೆ. ನಿಜ ಹೇಳಿದವನ ಅಂಗಡಿ ಮುಚ್ಚಿಸಿದರೆ ನಾಳೆ ಯಾರು ನಿಜ ಹೇಳುತ್ತಾರೆ? ಮುಚ್ಚಿಟ್ಟ ದೇಶಗಳು ಎಷ್ಟೋ ಇದ್ದವು. ಸೂಕ್ಷ್ಮದರ್ಶಕಕ್ಕೆ ಸಿಗುವ ರೋಗಾಣುವಿಗಿಂತ ಈ ಹೆದರಿಕೆಯೇ ಪಟ್ಟಿ ಬರೆಯುವವರಿಗೆ ಹೆಚ್ಚು ಕಾಟ ಕೊಟ್ಟಿತು.

ಹಳದಿ ಜ್ವರದ ವಿಚಾರದಲ್ಲಿ ಮಾತ್ರ ಭಾರತ ಬಲು ಕಟ್ಟುನಿಟ್ಟು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಈ ರೋಗ ನಮ್ಮಲ್ಲಿಗೆ ಕಾಲಿಟ್ಟಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆಯಾದರೋ ನಮ್ಮ ಹಿತ್ತಲಿನ ತೆಂಗಿನ ಚಿಪ್ಪಿನಲ್ಲೇ ಮೊಟ್ಟೆಯಿಡುತ್ತದೆ. ಡೆಂಗಿ ತರುವುದೂ ಅದೇ. ರೋಗಿಯೊಬ್ಬ ಬಂದರೆ ಸೊಳ್ಳೆಗಳು ಸಿದ್ಧವಾಗಿ ಕಾದಿವೆ. ಆದ್ದರಿಂದ ಕೀನ್ಯಾದಿಂದ ಬೆಂಗಳೂರಿಗೆ ಇಳಿಯುವವರು ಲಸಿಕೆಯ ಹಳದಿ ಕಾರ್ಡ್ ತೋರಿಸಬೇಕು. ಇಲ್ಲದಿದ್ದರೆ ಆರು ದಿನ ಕ್ವಾರಂಟೈನ್. ಆರು ಎಲ್ಲಿಂದ ಬಂತು ಎಂದು ಈಗ ನೀವೇ ಹೇಳಬಲ್ಲಿರಿ.

2005ರಲ್ಲಿ ನಿಯಮಗಳನ್ನು ತಿದ್ದಿ ಬರೆದರು, 2007ರ ಜೂನ್‌ನಿಂದ ಅವು ಜಾರಿಗೆ ಬಂದವು. ಮೂರೇ ರೋಗಗಳ ಹಳೆಯ ಪಟ್ಟಿ ಹೋಯಿತು. ಸಿಡುಬು, ಪೋಲಿಯೊ, ಸಾರ್ಸ್, ಹೊಸ ಬಗೆಯ ಫ್ಲೂ ಇವುಗಳಲ್ಲಿ ಒಂದೇ ಒಂದು ಪ್ರಕರಣ ಕಂಡರೂ ತಿಳಿಸಲೇಬೇಕು. ಉಳಿದವಕ್ಕೆ ನಾಲ್ಕು ಪ್ರಶ್ನೆಗಳಿವೆ. ಪರಿಣಾಮ ಗಂಭೀರವೇ? ಎಂದಿನಂತಲ್ಲದ, ಅನಿರೀಕ್ಷಿತ ಘಟನೆಯೇ? ಬೇರೆ ದೇಶಕ್ಕೆ ಹರಡೀತೇ? ಪ್ರಯಾಣ, ವ್ಯಾಪಾರಕ್ಕೆ ತಡೆ ಬಿದ್ದೀತೇ? ಎರಡಕ್ಕೆ ‘ಹೌದು’ ಬಂದರೆ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ಸುದ್ದಿ ಹೋಗಬೇಕು.

ಈ ಪ್ರಶ್ನೆಗಳನ್ನು ನಮ್ಮ ಕಾಡಿನ ಮೇಲೇ ಪ್ರಯೋಗಿಸಿ ನೋಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಉಣ್ಣೆ ಕಚ್ಚಿ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. 2012ರ ಕೊನೆಗೆ ಅದು ಮಲೆನಾಡಿನಿಂದ ಬಹುದೂರ, ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಕೆಲಸಗಾರರಲ್ಲಿ ಕಂಡಿತು. ಗಂಭೀರವೇ? ಸಾವು ತರಬಲ್ಲ ಜ್ವರ, ಹೌದು. ಅನಿರೀಕ್ಷಿತವೇ? ಅಲ್ಲಿ ಹಿಂದೆ ಕಂಡಿರಲಿಲ್ಲ, ಹೌದು. ಮೂರನೆಯದಕ್ಕೆ ಏನೆನ್ನುತ್ತೀರಿ? ಉಣ್ಣೆ ವಿಮಾನ ಹತ್ತುವುದಿಲ್ಲ ಎಂದು ಒಬ್ಬರು ವಾದಿಸಬಹುದು. ಎರಡು ‘ಹೌದು’ ಆಗಲೇ ಬಂದಾಯಿತಲ್ಲ, ಮತ್ತೇನು ಯೋಚನೆ ಎಂದು ಇನ್ನೊಬ್ಬರು ಕೇಳಬಹುದು. ತರಗತಿಯಲ್ಲಿ ಎರಡು ಗುಂಪಾಗಿ ವಾದ ಮಾಡಿ. ದೊಡ್ಡ ವೈದ್ಯರೂ ಮೇಜಿನ ಸುತ್ತ ಕೂತು ಮಾಡುವುದು ಇದನ್ನೇ.