ಹೊಸ ಪ್ರೊಸೆಸರ್ ಬರುವ ಮುನ್ನ



ಯಂತ್ರಾಂಶ, ತಂತ್ರಾಂಶ ಎಂಬ ಎರಡು ಮಾತುಗಳು ಈಗ ಕನ್ನಡಿಗರ ನಾಲಗೆಯ ಮೇಲೆ ಚೆನ್ನಾಗಿ ನೆಲೆಗೊಂಡಿವೆ. ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕುವುದು ಯಂತ್ರಾಂಶ. ಕೈಗೆ ಸಿಕ್ಕದೆ ಕೆಲಸ ಮಾಡಿಸುವುದು ತಂತ್ರಾಂಶ. ಇವೆರಡರ ನಡುವೆ ಮೂರನೆಯದೊಂದು ಇದೆ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. 1967ರಲ್ಲಿ ಆಶರ್ ಆಪ್ಲರ್ ಎಂಬಾತ ಲೇಖನವೊಂದರಲ್ಲಿ ಬಳಕೆಗೆ ತಂದ ಪದ ಇದು. ಇದಕ್ಕೆ ಕನ್ನಡದಲ್ಲಿ ಪದವೊಂದನ್ನು ಟಂಕಿಸುವ ಸಾಹಸಕ್ಕೆ ನಾನು ಇಳಿಯುವುದಿಲ್ಲ. ಅಂಗಡಿಯವರು ಬಯೋಸ್ ಎಂದು ಕರೆಯುವುದು ಇದರದೇ ಒಂದು ರೂಪವನ್ನು. ಮದರ್‌ಬೋರ್ಡಿನ ಮೇಲೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಚಿಪ್ಪೊಂದರಲ್ಲಿ ಅದರ ವಾಸ. ಸ್ವಿಚ್ಚು ಒತ್ತಿದ ಕೂಡಲೆ, ವಿಂಡೋಸ್ ಕಣ್ಣು ಬಿಡುವುದಕ್ಕೂ ಮೊದಲು, ಪ್ರೊಸೆಸರನ್ನೂ ಸ್ಮರಣಕೋಶವನ್ನೂ ಎಚ್ಚರಿಸಿ ಕೆಲಸಕ್ಕೆ ಹಚ್ಚುವುದು ಅದೇ.

ಇದನ್ನು ಒಂದು ನಿಘಂಟಿಗೆ ಹೋಲಿಸಬಹುದು. ನಿಘಂಟು ಅಚ್ಚಾದ ಮೇಲೆ ಹುಟ್ಟಿದ ಪದ ಅದರಲ್ಲಿ ಸಿಕ್ಕುವುದಿಲ್ಲ. ಹಾಗೆಯೇ ಬೋರ್ಡು ಕಾರ್ಖಾನೆಯನ್ನು ಬಿಟ್ಟ ಮೇಲೆ ಹುಟ್ಟಿದ ಪ್ರೊಸೆಸರ್ ಎಷ್ಟೇ ವೇಗದ್ದಾಗಿರಲಿ, ಅದನ್ನು ಎಬ್ಬಿಸುವ ವಿಧಿ ಹಳೆಯ ಬಯೋಸಿನಲ್ಲಿ ಇರುವುದಿಲ್ಲ.

ಗದುಗಿನ ನೆರೆಯ ನಮ್ಮ ಅಸುಂಡಿಯಲ್ಲಿ ಒಬ್ಬ ಯುವಕನಿದ್ದಾನೆ. ಗದುಗಿಗೆ ಮುದ್ರಣಕಾಶಿ ಎಂಬ ಹೆಸರುಂಟಷ್ಟೆ. ಅಲ್ಲಿನ ಮುದ್ರಣಾಲಯಗಳಿಗೆ ಲಗ್ನಪತ್ರಿಕೆ, ಜಾತ್ರೆಯ ಹಸ್ತಪತ್ರಿಕೆ, ಫ್ಲೆಕ್ಸ್‌ಗಳನ್ನು ಮನೆಯಲ್ಲಿಯೇ ಕುಳಿತು ಸಿದ್ಧಪಡಿಸಿ ಕೊಡುವುದು ಅವನ ಜೀವನೋಪಾಯ. ಕರಡು ತಿದ್ದಿಸಲು ಆಗಾಗ ನನ್ನಲ್ಲಿಗೆ ಬರುತ್ತಾನೆ. 2018ರಲ್ಲಿ ಕೊಂಡ ಅವನ ಯಂತ್ರದಲ್ಲಿ ರೈಜೆನ್ 3 2200ಜಿ ಎಂಬ ಪ್ರೊಸೆಸರಿತ್ತು. ದೊಡ್ಡ ಫ್ಲೆಕ್ಸ್ ತೆರೆದರೆ ಅದು ಏದುಸಿರು ಬಿಡುತ್ತಿತ್ತು. ಮದುವೆಯ ಹಂಗಾಮಿಗೆ ಮುಂಚೆ, ಕೂಡಿಟ್ಟ ಹಣ ತೆತ್ತು, ರೈಜೆನ್ 5 5600ಜಿ ತಂದ. ಮೊದಲಿನದಕ್ಕೆ ನಾಲ್ಕು ಕೋರ್, ಇದಕ್ಕೆ ಆರು. ವಿದ್ಯುತ್ತಿನ ಅಂದಾಜು ಎರಡಕ್ಕೂ 65 ವ್ಯಾಟ್. ಕೊನೆಯ ‘ಜಿ’ ಅಕ್ಷರವನ್ನು ಅವನು ಮರೆಯಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಶಕ್ತಿ ಆ ಅಕ್ಷರವಿರುವ ಪ್ರೊಸೆಸರಿನ ಒಳಗೇ ಇರುತ್ತದೆ. ಬರಿಯ 5600 ತಂದಿದ್ದರೆ ಬೇರೊಂದು ಗ್ರಾಫಿಕ್ಸ್ ಕಾರ್ಡು ಬೇಕಾಗುತ್ತಿತ್ತು. ಒಂದಕ್ಷರದ ಬೆಲೆ ಕರಡು ತಿದ್ದುವವರಿಗೆ ಗೊತ್ತು.

ತಂದವನು ನೇರವಾಗಿ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿದ. “ಸರ್, ಬರೋಬರಿ ಕುಂತೈತ್ರಿ. ಫ್ಯಾನ್ ತಿರಗತೈತಿ, ಪರದೆ ಮಾತ್ರ ಕರ್ರಗ ಐತ್ರಿ” ಎಂದು ಓಡಿ ಬಂದ. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದೇ ಅವನ ಕೋಪ. ಬೆಂಗಳೂರಿನಲ್ಲಿರುವ ನನ್ನ ಮಗಳಿಗೆ ಈ ವಿದ್ಯೆ ತಿಳಿದಿದೆ. ದೂರವಾಣಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ಹಳೆಯ ಪ್ರೊಸೆಸರ್ ಇನ್ನೂ ಕೈಯಲ್ಲಿದೆಯೇ? ಪುಣ್ಯಕ್ಕೆ ಇತ್ತು. ಬೆಟಗೇರಿಯ ಗೆಳೆಯನೊಬ್ಬನಿಗೆ ಅದನ್ನು ಮಾರುವ ಮಾತಾಗಿತ್ತು, ಕೊಟ್ಟಿರಲಿಲ್ಲ.

ಇಡೀ ವಿಷಯದ ತಿರುಳು ಇಲ್ಲಿದೆ. ಬಯೋಸಿಗೆ ಹೊಸ ಪಾಠ ಹೇಳಬೇಕಾದರೆ ಯಂತ್ರ ಎದ್ದು ಕುಳಿತಿರಬೇಕು. ಅದನ್ನು ಎಬ್ಬಿಸಬಲ್ಲದ್ದು ಅದಕ್ಕೆ ಪರಿಚಯವಿರುವ ಹಳೆಯ ಪ್ರೊಸೆಸರ್ ಮಾತ್ರ. ಹಳೆಯದು ಕೈಬಿಟ್ಟರೆ ಹೊಸದರ ಪರಿಚಯ ಮಾಡಿಕೊಡುವವರೇ ಇಲ್ಲ. 2018ರ ಫೆಬ್ರುವರಿಯಲ್ಲಿ ಇದೇ 2200ಜಿ ಮಾರುಕಟ್ಟೆಗೆ ಬಂದಾಗ ಅದೂ ಹೀಗೆಯೇ ಅಪರಿಚಿತವಾಗಿತ್ತು. ಅಂಗಡಿಯಲ್ಲಿದ್ದ ಬೋರ್ಡುಗಳು ಅದನ್ನು ಗುರುತಿಸದೆ ಹೋದವು. ಆಗ ತಯಾರಕರಾದ ಎಎಂಡಿಯವರು ಕಷ್ಟಕ್ಕೆ ಸಿಕ್ಕಿದ ಗಿರಾಕಿಗಳಿಗೆ ಹಳೆಯ ಪ್ರೊಸೆಸರೊಂದನ್ನು ಕೆಲವು ದಿನಗಳ ಮಟ್ಟಿಗೆ ಎರವಲು ಕಳುಹಿಸಿದರು! ಈಗ ಕೆಲವು ಬೋರ್ಡುಗಳಲ್ಲಿ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ತುಂಬುವ ಒಂದು ಗುಂಡಿ ಇರುತ್ತದೆ. ಅಗ್ಗದ ಬೋರ್ಡುಗಳಲ್ಲಿ ಅದು ಅಪರೂಪ.

ಕುಳಿ ಹೊಂದಿದರೆ ಸಾಕೆಂಬುದೂ ಭ್ರಮೆ. ಇಂಟೆಲ್‌ನ 1151 ಸಾಕೆಟ್ 2015ರಲ್ಲಿ ಬಂತು; 2017ರ ಎಂಟನೆಯ ಪೀಳಿಗೆಗೂ ಅಷ್ಟೇ ಸಂಪರ್ಕಗಳು, ಅದೇ ಹೆಸರು; ಆದರೂ ಅದಕ್ಕೆ ಬೇರೆಯ ಬೋರ್ಡೇ ಬೇಕೆಂದು ತಯಾರಕರು ವಿಧಿಸಿದರು. ಎಎಂಡಿಯ ಎಎಂ4 ಕುಳಿಯಲ್ಲಿ 1331 ರಂಧ್ರಗಳು. 2017ರ ಬೋರ್ಡುಗಳಿಗೆ ರೈಜೆನ್ 5000 ಸಾಲಿನ ಪ್ರವೇಶ ಅಧಿಕೃತವಾಗಿ ದೊರೆತದ್ದು 2022ರಲ್ಲಿ. ಆದುದರಿಂದ ಹಣ ಕೊಡುವ ಮೊದಲೇ ಬೋರ್ಡಿನ ತಯಾರಕರು ಪ್ರಕಟಿಸಿರುವ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರೂ, ಅದಕ್ಕೆ ಬೇಕಾದ ಬಯೋಸ್ ಆವೃತ್ತಿಯ ಸಂಖ್ಯೆಯೂ ಇದೆಯೇ ಎಂದು ನೋಡಬೇಕು. ಕೆಲವೊಮ್ಮೆ ನಡುವಿನ ಆವೃತ್ತಿಯೊಂದನ್ನು ದಾಟಿಯೇ ಮುಂದೆ ಹೋಗಬೇಕಾಗುತ್ತದೆ.

ನಿಘಂಟಿನ ಹೋಲಿಕೆ ಇನ್ನೊಂದು ಕಡೆಗೂ ಸಲ್ಲುತ್ತದೆ. ಹಳೆಯ ಬೋರ್ಡುಗಳಲ್ಲಿ ಈ ಚಿಪ್ಪಿನ ಸ್ಥಳ ಎಷ್ಟೋ ಕಡೆ 16 ಮೆಗಾಬೈಟ್ ಮಾತ್ರ. ಪುಟಗಳು ಇಷ್ಟೇ, ಪದಗಳು ಹೆಚ್ಚುತ್ತಲೇ ಇವೆ. ಆದುದರಿಂದ ಹೊಸಬರ ಹೆಸರು ಬರೆಯಲು ತೀರ ಹಳಬರ ಹೆಸರನ್ನು ಅಳಿಸಿದ ಆವೃತ್ತಿಗಳೂ ಉಂಟು.

ಇನ್ನು ಕರೆಂಟು. ಬಯೋಸ್ ಬರೆಯುವ ಕೆಲಸ ಕೆಲವೇ ನಿಮಿಷಗಳದು. ಆದರೆ ಹಳೆಯದು ಅಳಿದು ಹೊಸದು ಮೂಡುವ ಆ ನಡುಗಾಲದಲ್ಲಿ ವಿದ್ಯುತ್ತು ಹೋದರೆ ಚಿಪ್ಪಿನಲ್ಲಿ ಅದೂ ಇಲ್ಲ, ಇದೂ ಇಲ್ಲ, ಬೋರ್ಡು ಮೂಕವಾಗುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಎಷ್ಟೇ ತಿರುಗಲಿ, ಹಳ್ಳಿಯಲ್ಲಿರುವವರು ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದು ಅಳಿದರೂ ಮತ್ತೊಂದು ಉಳಿಯಲೆಂದು ಎರಡು ಚಿಪ್ಪು ಇಟ್ಟ ಬೋರ್ಡುಗಳೂ ಇವೆ. ಎಲ್ಲರ ಬೋರ್ಡಿಗೂ ಆ ಭಾಗ್ಯವಿಲ್ಲ.

ಅಸುಂಡಿಯ ಯುವಕ ಹಳೆಯದನ್ನು ಮರಳಿ ಕೂಡಿಸಿ, ನೆರೆಯವರ ಯುಪಿಎಸ್ ತಂದು, ಬಯೋಸ್ ಬರೆದು, ಮತ್ತೆ ಹೊಸದನ್ನು ಇಟ್ಟ. ಒಂದು ಸಲ ಆಗಬೇಕಾದ ಅದಲುಬದಲು ಮೂರು ಸಲ ಆಯಿತು. ಇದು ಬರಿಯ ಶ್ರಮದ ಮಾತಲ್ಲ. ಎಎಂ4 ಪ್ರೊಸೆಸರಿನ ಮೊಳೆಗಳಿರುವುದು ಅದರ ಅಡಿಯಲ್ಲಿ. ನಡುವೆ ಹಚ್ಚಿದ ಲೇಪ ಗಟ್ಟಿಯಾಗಿದ್ದರೆ, ಮೇಲಿನ ಕೂಲರ್ ಎತ್ತುವಾಗ ಪ್ರೊಸೆಸರೂ ಕಿತ್ತು ಬಂದು ಮೊಳೆ ಬಾಗುವುದುಂಟು. ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಬೆಚ್ಚಗಾದ ಮೇಲೆ ಆರಿಸಿ, ಕೂಲರನ್ನು ಮೆಲ್ಲನೆ ತಿರುಚಿ ಬಿಡಿಸಬೇಕು.

ಬಿಟ್‌ಲಾಕರ್ ಬೀಗವಿದ್ದವರು ಅದರ 48 ಅಂಕಿಗಳ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಪ್ರೊಸೆಸರ್ ಬದಲಾದರೆ ವಿಂಡೋಸ್ ಅದನ್ನು ಕೇಳೀತು. ಹೊಸದನ್ನು ಕೂಡಿಸಿದ ಮೇಲೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರ ಆಗ ಸ್ಮರಣಕೋಶವನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಸ್ವಿಚ್ಚಿನ ಕಡೆಗೆ ಕೈ ಹೋಗಕೂಡದು. ಬೆಟಗೇರಿಯ ಗೆಳೆಯನಿಗೆ ಹಳೆಯದು ಒಂದು ವಾರ ತಡವಾಗಿ ಸಿಕ್ಕರೂ ಚಿಂತೆಯಿಲ್ಲ.