ರೋಗಿಯ ಬಳಿ ಕೂರುವವರು ಯಾರು?

(ಕಾರ್ಯಕರ್ತರ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಯಾವ ಡಾಕ್ಟರ ಬಳಿಗೆ ಒಯ್ಯಬೇಕು, ಎಷ್ಟು ಸಾಲ ಮಾಡಬೇಕು, ಯಾವಾಗ ಸಾಕೆನ್ನಬೇಕು ಎಂಬುದನ್ನು ರೋಗಿಯೊಬ್ಬನೇ ತೀರ್ಮಾನಿಸುವುದಿಲ್ಲ. ಮನೆಮಂದಿಯೆಲ್ಲ ಕೂಡಿ ತೀರ್ಮಾನಿಸುತ್ತಾರೆ. ಈ ಸಂಸಾರದ ಮಾತಿಗೂ ರಾಜಕೀಯಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಅವರಿಗೆ ಉತ್ತರವಾಗಿ ನಾವು ಆಫ್ರಿಕದ ಕಾಂಗೋ ದೇಶದ ಕಥೆಯನ್ನು ನಿಮ್ಮ ಮುಂದಿಡುತ್ತೇವೆ.

ಕಾಂಗೋ ನದಿಯ ಕೆಳಸೀಮೆಯ ಬಕೊಂಗೊ ಜನರಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಸೋದರಮಾವನೂ ತಂದೆಯ ಕಡೆಯವರೂ ಸೇರಿ ಕೂರುತ್ತಾರೆ. ಆಸ್ಪತ್ರೆಗೆ ಹೋಗುವುದೆ, 'ಎನ್‌ಗಂಗ' ಎಂಬ ನಾಟಿವೈದ್ಯನಲ್ಲಿಗೆ ಹೋಗುವುದೆ, ಮನೆಯೊಳಗಿನ ಜಗಳವನ್ನು ಮೊದಲು ಬಗೆಹರಿಸುವುದೆ ಎಂದು ಚರ್ಚಿಸುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಜಾನ್ ಜಾನ್ಜೆನ್ ಆ ಸೀಮೆಯಲ್ಲಿದ್ದು ಅಭ್ಯಾಸ ಮಾಡಿ, 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದನ್ನು ಚಿಕಿತ್ಸೆ ನಡೆಸುವ ಬಳಗವೆಂದು ಕರೆದರು. ಈ ಬಳಗ ಆಸ್ಪತ್ರೆಯನ್ನು ತಿರಸ್ಕರಿಸಿರಲಿಲ್ಲ. ಅದನ್ನೂ ಬಳಸುತ್ತಿತ್ತು, ನಾಟಿವೈದ್ಯನನ್ನೂ ಬಳಸುತ್ತಿತ್ತು.

ಇಂಥ ಬಳಗವನ್ನು ಸಾಮ್ರಾಜ್ಯಶಾಹಿ ಹೇಗೆ ಕಂಡಿತು? 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಜಹಗೀರು. ಆಮೇಲೆ 1960ರವರೆಗೆ ಬೆಲ್ಜಿಯಂ ಸರ್ಕಾರದ ವಸಾಹತು. ರಬ್ಬರಿಗಾಗಿ ಜನರ ಕೈ ಕಡಿಸಿದ ಆಳ್ವಿಕೆಯೇ ನಿದ್ರಾರೋಗ ಹಬ್ಬಿದಾಗ ವೈದ್ಯನಾಗಿ ಬಂದು ನಿಂತಿತು. ಊರವರನ್ನು ಸಾಲಾಗಿ ನಿಲ್ಲಿಸಿ ಕತ್ತಿನ ಗಂಟುಗಳನ್ನು ಮುಟ್ಟಿ ನೋಡಿದರು. ರೋಗಿಗಳೆಂದು ಕಂಡವರನ್ನು ಮನೆಯವರಿಂದ ಬಿಡಿಸಿ ದೂರದ ಶಿಬಿರಗಳಲ್ಲಿ ಕೂಡಿಹಾಕಿದರು. ಅಲ್ಲಿ ಕೊಟ್ಟ ಅಟಾಕ್ಸಿಲ್ ಎಂಬ ಪಾಷಾಣದ ಔಷಧದಿಂದ ಕಣ್ಣು ಕಳೆದುಕೊಂಡವರಿದ್ದರು. ಮುಂದೆ ಮೇಲಾದ ಔಷಧಗಳು ಬಂದವು, ರೋಗವೂ ಬಹಳ ಇಳಿಯಿತು; ಇದನ್ನು ಮರೆಮಾಚುವುದು ನಮಗೆ ಸಲ್ಲದು. ಆದರೆ ವಿದ್ಯೆಯನ್ನು ಮಾತ್ರ ಆಳುವವರು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಆ ವಿಶಾಲ ದೇಶದಲ್ಲಿ ಕಾಂಗೋದ ಮಗನೆನ್ನಬಹುದಾದ ಒಬ್ಬನೇ ಒಬ್ಬ ಪದವೀಧರ ಡಾಕ್ಟರನಿರಲಿಲ್ಲ! ವೈದ್ಯ ಸಹಾಯಕರಾಗಿದ್ದವರನ್ನು ವಿಶ್ವ ಆರೋಗ್ಯ ಸಂಸ್ಥೆ ಫ್ರಾನ್ಸಿಗೆ ಕಳುಹಿಸಿ ಓದಿಸಬೇಕಾಯಿತು.

ಮುಂದೇನಾಯಿತು? ಪ್ರಥಮ ಪ್ರಧಾನಿ ಲುಮುಂಬಾ 1961ರ ಜನವರಿಯಲ್ಲಿ ಕೊಲೆಯಾದರು. 1965ರಲ್ಲಿ ಅಧಿಕಾರ ಕಸಿದುಕೊಂಡ ಮೊಬುಟು 1997ರವರೆಗೆ ದೇಶವನ್ನು ದೋಚಿದ. ಆಸ್ಪತ್ರೆಗಳು ಹಾಳುಬಿದ್ದವು. ನಿದ್ರಾರೋಗ ಮರಳಿತು, 1998ರ ಒಂದೇ ವರ್ಷದಲ್ಲಿ 25,000ಕ್ಕೂ ಹೆಚ್ಚು ಹೊಸ ರೋಗಿಗಳು ಕಂಡುಬಂದರು. ಚಿಕಿತ್ಸೆಯ ಖರ್ಚು ಕುಟುಂಬದ ತಲೆಯ ಮೇಲೆ ಬಿತ್ತು. ಹೆರಿಗೆಯ ಬಿಲ್ಲು ಕಟ್ಟಲಾರದ ಬಾಣಂತಿಯರನ್ನು ಕೂಸಿನೊಡನೆ ಆಸ್ಪತ್ರೆಯಲ್ಲೇ ತಡೆದಿಟ್ಟ ಸಂಗತಿಗಳು ದಾಖಲೆಯಾಗಿವೆ. ಕೈಯಲ್ಲಿ ಕಾಸಿಲ್ಲದ ಬಳಗಕ್ಕೆ ತೀರ್ಮಾನಿಸುವ ಹಕ್ಕಿದ್ದರೆಷ್ಟು, ಬಿಟ್ಟರೆಷ್ಟು?

2018ರಲ್ಲಿ ಪೂರ್ವ ಕಾಂಗೋದಲ್ಲಿ ಎಬೋಲ ಜಾಡ್ಯ ಹರಡಿ, 2020ರೊಳಗೆ 2,200ಕ್ಕೂ ಹೆಚ್ಚು ಜನ ಸತ್ತರು. ಮೈಯೆಲ್ಲ ಮುಚ್ಚಿಕೊಂಡವರು ಬಂದು ರೋಗಿಯನ್ನು ಒಯ್ಯುತ್ತಿದ್ದರು. ಸತ್ತರೆ ಹೆಣವನ್ನು ಮುಟ್ಟಲು ಮನೆಯವರಿಗೆ ಅವಕಾಶವಿರಲಿಲ್ಲ. ಸೋಂಕನ್ನು ತಡೆಯಲು ಅದು ಬೇಕೇ ಇತ್ತು. ಆದರೂ ಬಹಳ ಜನ ನಂಬಲಿಲ್ಲ. ಅವರನ್ನು ಮೂಢರೆಂದು ಜರೆಯುವ ಮೊದಲು, ಅವರ ಅಜ್ಜಂದಿರನ್ನು ಯಾರು, ಹೇಗೆ ಒಯ್ದಿದ್ದರೆಂಬುದನ್ನು ನೆನೆಯಬೇಕು. ಕೊನೆಗೆ ಪಾರದರ್ಶಕ ಗೋಡೆಗಳ ಚಿಕಿತ್ಸಾ ಕೊಠಡಿಗಳು ಬಂದವು. ಸೋಂಕು ತಗುಲದಂತೆ ಹೊರಗೆ ನಿಂತೇ ತಾಯಿ ಮಗನನ್ನು ನೋಡಬಹುದಾಯಿತು, ಮಾತನಾಡಿಸಬಹುದಾಯಿತು. ವಿಜ್ಞಾನವೂ ಉಳಿಯಿತು, ಬಳಗವೂ ಉಳಿಯಿತು.

ಹಾಗೆಂದು ನಾವು ಕುಟುಂಬವನ್ನು ಪೂಜಿಸಲು ಹೊರಟಿಲ್ಲ. ಹಿರಿಯರ ಕೂಟದಲ್ಲಿ ರೋಗಿಯಾದ ಹೆಣ್ಣಿನ ಮಾತು ಕೊನೆಗೆ ಕೇಳುವುದೂ ಉಂಟು, ಕೇಳದೆ ಹೋಗುವುದೂ ಉಂಟು. ಪರದೇಶದ ದೊರೆ ಹೋದ ಜಾಗದಲ್ಲಿ ಮನೆಯ ಯಜಮಾನ ದೊರೆಯಾಗಿ ಕೂರುವುದು ಸ್ವಾತಂತ್ರ್ಯವಲ್ಲ.

ಆದುದರಿಂದ ನಮ್ಮ ಊರಿನ ಆಸ್ಪತ್ರೆಯ ಪ್ರಶ್ನೆಯನ್ನು ಎತ್ತುವಾಗ ಮೂರು ಮಾತುಗಳನ್ನು ಒಟ್ಟಿಗೆ ಕೇಳೋಣ: ಚಿಕಿತ್ಸೆಗೆ ಬಡವನಿಂದ ಹಣ ಕೀಳಬಾರದು, ರೋಗವೇನೆಂದು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು, ಎಲ್ಲಕ್ಕೂ ಮೊದಲು ರೋಗಿಯ ಇಷ್ಟವನ್ನು ಕೇಳಬೇಕು. ಒಂದನ್ನು ಬಿಟ್ಟರೂ ಉಳಿದೆರಡು ನಿಲ್ಲಲಾರವು.